ಅಜ್ಜಿಯ ಇಸ್ಪೀಟು ಎಲ್ಲಿ ಹೋಯಿತು?

ಮಕ್ಕಳೇ, ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ವಸ್ತು ಕಾಣೆಯಾಯಿತು. ಚಿನ್ನವಲ್ಲ, ಬೆಳ್ಳಿಯಲ್ಲ; ಅಜ್ಜಿಯ ಇಸ್ಪೀಟು!

ಒಂದೂವರೆ ವರ್ಷದ ಹಿಂದೆ ನಮ್ಮ ಮನೆಯಾಕೆಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ, "ಬೆರಳುಗಳಿಗೆ ದಿನಾ ಕೆಲಸ ಕೊಡಿ ಅಜ್ಜಿ" ಎಂದಿದ್ದಳು. ರಬ್ಬರ್ ಚೆಂಡು ಹಿಸುಕುವುದೆಂದರೆ ಇವಳಿಗೆ ಬೇಜಾರು. ಆದರೆ ನನ್ನ ಹಳೆಯ ಕಂಪ್ಯೂಟರಿನಲ್ಲಿ ಸಾಲಿಟೇರ್ ಆಡಲು ಕೂತರೆ ಊಟವೂ ಬೇಡ. ಮೌಸಿನ ಗುಂಡಿ ಒತ್ತಿ ಹಿಡಿದು, ಕೆಂಪು ರಾಣಿಯನ್ನು ಎಳೆದು ಕಪ್ಪು ರಾಜನ ಮೇಲೆ ಬಿಡಬೇಕು. ಮೊದಮೊದಲು ಎಲೆ ಅರ್ಧ ದಾರಿಯಲ್ಲೇ ಕೈತಪ್ಪುತ್ತಿತ್ತು. ಬರಬರುತ್ತಾ ಬೆರಳು ಮಾತು ಕೇಳತೊಡಗಿದವು.

ಈ ಆಟ 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂದದ್ದು. ನಮ್ಮ ಬ್ಯಾಂಕಿನ ಶಾಖೆಗೆ ಕಂಪ್ಯೂಟರ್ ಬಂದಾಗ ನಾನೂ ಮೌಸ್ ಹಿಡಿಯಲು ಕಲಿತದ್ದು ಇದರಲ್ಲೇ.

ಹೀಗಿರುವಾಗ ಕಂಪ್ಯೂಟರ್ ಕೆಟ್ಟಿತು. ರಿಪೇರಿ ಅಂಗಡಿಯ ಹುಡುಗ ಎಲ್ಲ ಅಳಿಸಿ, ವಿಂಡೋಸ್ 7 ಹೊಸದಾಗಿ ಹಾಕಿಕೊಟ್ಟ. ಮರುದಿನ ಬೆಳಿಗ್ಗೆ ಒಳಗಿನಿಂದ ಕೂಗು: "ರೀ, ನನ್ನ ಇಸ್ಪೀಟು ಎಲ್ಲಿ ಹೋಯ್ತು?" ನೋಡಿದರೆ ಒಂದು ಆಟವೂ ಇಲ್ಲ. ಮೂರು ದಿನ ಇವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ನನಗೆ ಭಯವಾಯಿತು.

ಶನಿವಾರ ಮೊಮ್ಮಗ ಬಂದ. "ತಾತ, ನೆಟ್‌ನಲ್ಲಿ ಫ್ರೀ ಸಿಗುತ್ತೆ, ಇಳಿಸಿಬಿಡ್ತೀನಿ" ಎಂದ. "ಬೇಡಪ್ಪಾ" ಎಂದೆ. ಗುರುತಿಲ್ಲದ ಕಡೆಯಿಂದ ಪ್ರೋಗ್ರಾಮ್ ಇಳಿಸಿಕೊಳ್ಳುವುದೆಂದರೆ ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟ ಹಾಗೆ.

ಆಗ ನನಗೆ ಬ್ಯಾಂಕಿನ ನೆನಪಾಯಿತು. ಬಹಳ ಕಾಲ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹಣ ಎಲ್ಲೂ ಹೋಗಿರುವುದಿಲ್ಲ. ಖಾತೆಯನ್ನು ಮತ್ತೆ ಚಾಲೂ ಮಾಡಿಸಬೇಕು, ಅಷ್ಟೆ. ಇದೂ ಹಾಗೆಯೇ ಇರಬಹುದಲ್ಲ?

ಇಬ್ಬರೂ ಹುಡುಕಿದೆವು. ಸ್ಟಾರ್ಟ್ ಒತ್ತಿ ಕಂಟ್ರೋಲ್ ಪ್ಯಾನೆಲ್, ಅಲ್ಲಿ ಪ್ರೋಗ್ರಾಮ್ಸ್, ಅದರೊಳಗೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್'. ಸ್ವಲ್ಪ ಹೊತ್ತು ಕಾದರೆ ಒಂದು ಪಟ್ಟಿ ತೆರೆಯುತ್ತದೆ. ಅದರಲ್ಲಿ 'ಗೇಮ್ಸ್' ಎಂಬುದರ ಮುಂದಿನ ಚೌಕ ಖಾಲಿ ಇತ್ತು! ಅಂಗಡಿಯವನು ಹಾಕಿದ್ದು ಪ್ರೊಫೆಷನಲ್ ಆವೃತ್ತಿ. ಅದು ಕಚೇರಿಗಳಿಗೆಂದು ಮಾಡಿದ್ದು. ಅದರಲ್ಲಿ ಆಟಗಳನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ. ಮೊಮ್ಮಗ ಟಿಕ್ ಹಾಕಿ ಓಕೆ ಒತ್ತಿದ. ಸಿ.ಡಿ. ಕೇಳಲಿಲ್ಲ, ನೆಟ್ ಬೇಕಾಗಲಿಲ್ಲ. ಸಾಲಿಟೇರ್, ಚೆಸ್, ಮೈನ್‌ಸ್ವೀಪರ್ ಎಲ್ಲವೂ ಬಂದು ಕೂತವು.

ನಿಮ್ಮ ಮನೆಯಲ್ಲಿ ಇನ್ನೂ ಹಳೆಯ ಎಕ್ಸ್‌ಪಿ ಇದ್ದರೆ, ಕಂಟ್ರೋಲ್ ಪ್ಯಾನೆಲ್‌ನ 'ಆಡ್ ಆರ್ ರಿಮೂವ್ ಪ್ರೋಗ್ರಾಮ್ಸ್'ನಲ್ಲಿ 'ವಿಂಡೋಸ್ ಕಾಂಪೊನೆಂಟ್ಸ್' ನೋಡಿ. ಅದು ಸಿ.ಡಿ. ಕೇಳಬಹುದು, ಹಾಗಾಗಿ ಜೊತೆಗೆ ಬಂದ ಸಿ.ಡಿ.ಗಳನ್ನು ಬಿಸಾಡಬೇಡಿ.

ಒಂದು ಎಚ್ಚರಿಕೆ: ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ನಮ್ಮದಕ್ಕೆ ನೆಟ್ ಸಂಪರ್ಕವನ್ನೇ ತೆಗೆದಿದ್ದೇನೆ.

ಅಂದು ಸಂಜೆ ಅಜ್ಜಿ ಮತ್ತೆ ಕುರ್ಚಿ ಎಳೆದುಕೊಂಡಳು. "ಹಾಳು ಎಕ್ಕ, ಅಡಿಯಲ್ಲೇ ಕೂತಿತ್ತು ನೋಡಿ!" ಎಂದು ಗೊಣಗಿದಳು. ಆಟ ಸೋತಳು. ಆದರೆ ಒಂದು ಎಲೆಯೂ ಕೈತಪ್ಪಲಿಲ್ಲ.