ಆ ಫೋಟೊ ಯಾವ ತಿಂಗಳದ್ದು ಅಂತ ಕೇಳಿ

ಏಪ್ರಿಲ್ ಬಂತೆಂದರೆ ನಮ್ಮ ಹೊಂಬಳದ ವಾಟ್ಸ್ಯಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂದು ಬೀಳುತ್ತದೆ. ಬಿಳಿ ಗುಡ್ಡ, ಕೆಂಪು ಜಾಕೆಟ್ ತೊಟ್ಟ ಕೂಸು, ಕಾಲಿಗೆ ಉದ್ದನೆಯ ಹಲಗೆ. ‘ಮನಾಲಿ ಫ್ಯಾಮಿಲಿ ಸ್ಕೀಯಿಂಗ್ ಟೂರ್, ಮೇ ತಿಂಗಳು, ಮಕ್ಕಳಿಗೆ ಅರ್ಧ ರೇಟು.’

ಇದು ಮೋಸ. ಫೋಟೊ ಜನವರಿಯದು, ಟಿಕೆಟ್ ಮೇ ತಿಂಗಳದು. ಮನಾಲಿ ಹತ್ತಿರದ ಸೋಲಾಂಗ್‌ನಲ್ಲಿ ಸ್ಕೀಯಿಂಗ್ ನಡೆಯುವುದು ಚಳಿಗಾಲದಲ್ಲಿ, ಜನವರಿ–ಫೆಬ್ರವರಿಯಲ್ಲಿ. ಮೇ ತಿಂಗಳಲ್ಲಿ ಅಲ್ಲಿರುವುದು ಹುಲ್ಲು. ಅದಕ್ಕೇ ನಿಮ್ಮನ್ನು ಗಾಡಿ ಹತ್ತಿಸಿ ರೋಹತಾಂಗ್ ಕಣಿವೆಗೆ ಒಯ್ಯುತ್ತಾರೆ. ಅದು 3,978 ಮೀಟರ್ ಎತ್ತರ. ನಮ್ಮ ಗದಗ ಸುಮಾರು 650 ಮೀಟರ್. ಬಿಪಿ, ದಮ್ಮು ಇರುವ ಹಿರಿಯರಿಗೆ ಅಲ್ಲಿ ಉಸಿರು ಹತ್ತುತ್ತದೆಂದು ಯಾವ ಪೋಸ್ಟರಿನಲ್ಲೂ ಬರೆದಿರುವುದಿಲ್ಲ. ದಿನಕ್ಕೆ 1,200 ಪ್ರವಾಸಿ ವಾಹನಗಳಿಗೆ ಮಾತ್ರ ಪರವಾನಗಿ ಎನ್ನುವುದನ್ನೂ ಹೇಳುವುದಿಲ್ಲ.

ನಾನೂ ಹೀಗೇ ಹೋಗಿ ಬಂದವನು. ಅವ್ವ ತಲೆನೋವೆಂದು ಗಾಡಿ ಬಿಟ್ಟು ಇಳಿಯಲಿಲ್ಲ. ರಸ್ತೆ ಬದಿಯ ಅಂಗಡಿಯಲ್ಲಿ ಕೋಟು, ಬೂಟು ಬಾಡಿಗೆಗೆ ತೊಟ್ಟು, ಕೆಸರು ಬೆರೆತ ಕರಿ ಹಿಮದ ಮೇಲೆ ಮಗ ಹತ್ತು ನಿಮಿಷ ನಿಂತ. ನಿಂತ ಅಷ್ಟೇ, ಜಾರಲಿಲ್ಲ. ಏಜೆಂಟನಿಗೆ ಫೋನ್ ಹಚ್ಚಿದರೆ, ‘ಹಿಮಾ ನೋಡಿದ್ರಲ್ರೀ, ಮತ್ತೇನ್ ಬೇಕು?’ ಅಂದ.

ಇನ್ನು ಊರ ಕಟ್ಟೆಯ ಮೇಲಿನ ಹಿರಿಯರದು ಬೇರೆ ರಾಗ: ‘ಹೊಲಾ ಬಿಟ್ಟು ಹಿಮಾ ನೋಡಾಕ ಹೋಗಬೇಕೇನು?’ ಹೋಗಬೇಕ್ರೀ. ಉಳ್ಳಾಗಡ್ಡಿಗೆ ಒಂದು ವರ್ಷ ರೇಟು ಸಿಕ್ಕರೆ ಆ ದುಡ್ಡಿನಲ್ಲಿ ಹೆಂಡತಿ ಮಕ್ಕಳಿಗೆ ಹಿಮ ತೋರಿಸುವುದು ತಪ್ಪಲ್ಲ. ಬೆಂಗಳೂರಿನವರು ಹೋದರೆ ಪ್ರವಾಸ, ನಾವು ಹೋದರೆ ದುಂದೇ?

ಆದರೆ ಜಾಗ ನೋಡಿ ಆರಿಸಿ. ಮನೆಮಂದಿಗೆ ಬೇಕಾದದ್ದು ಎತ್ತರದ ಗುಡ್ಡವಲ್ಲ, ತಗ್ಗಿನ ಇಳಿಜಾರು. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಕಲಿಯುವವರ ಇಳಿಜಾರು ಕೆಳಗಿನ ಬಯಲಲ್ಲೇ ಇದೆ. ಅಜ್ಜಿ ಹೋಟೆಲಿನ ಹತ್ತಿರವೇ ಕೂತು ಮೊಮ್ಮಗನನ್ನು ನೋಡಬಹುದು. ಗೊಂಡೊಲಾದ ಎರಡನೇ ಹಂತ ಹತ್ತಿ ಅಫರ್ವಾತ್‌ಗೆ ಹೋಗಲೇಬೇಕೆಂದಿಲ್ಲ. ಸಣ್ಣ ಮಕ್ಕಳಿಗೆ ಮೊದಲು ಸ್ಕೀ ಸಾಕು. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತವೆ, ಹೊಸಬರು ಬೀಳುವುದೇ ಹೆಚ್ಚು. ಉತ್ತರಾಖಂಡದ ಔಲಿಯೂ ಒಳ್ಳೆಯದೇ, ಆದರೆ 2023ರ ಜನವರಿಯಲ್ಲಿ ಅದರ ಬುಡದ ಜೋಶಿಮಠದಲ್ಲಿ ನೆಲ ಕುಸಿದು ರೋಪ್‌ವೇ ನಿಲ್ಲಿಸಬೇಕಾಯಿತು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲೇ ಹಿಮವಿರಲಿಲ್ಲ. ಹಿಮ ಬೀಳದಿದ್ದರೆ ದುಡ್ಡು ವಾಪಸ್ ಕೊಡುತ್ತೀರಾ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ತೊಡಕೊಂದೇ. ಹಿಮದ ತಿಂಗಳಲ್ಲಿ ನಮಗೆ ಕಡಲೆ ಕೀಳುವ ಕೆಲಸ, ಮಕ್ಕಳಿಗೆ ಸಾಲಿ. ಒಂದು ವಾರ ಸಾಲಿ ಬಿಡಿಸಬಹುದು, ಎಸ್ಸೆಸ್ಸೆಲ್ಸಿ ವರ್ಷ ಮಾತ್ರ ಬೇಡ. ಹೊಲ ನೋಡಿಕೊಳ್ಳಲು ತಮ್ಮನೋ ಭಾವನೋ ಒಪ್ಪಬೇಕು.

ಈ ಸಲ ಪೋಸ್ಟರ್ ಬಂದಾಗ ಗ್ರೂಪಿನಲ್ಲಿ ಒಂದೇ ಪ್ರಶ್ನೆ ಹಾಕಿದೆ: ಈ ಫೋಟೊ ಯಾವ ತಿಂಗಳದ್ದು? ಸಂಜೆಯೊಳಗೆ ಅಡ್ಮಿನ್ ನನ್ನನ್ನೇ ಗ್ರೂಪಿನಿಂದ ತೆಗೆದಿದ್ದ.