ಯಾವ ಔಷಧಿ, ಎಷ್ಟು ಹೊತ್ತಿಗೆ?

ತೀವ್ರ ವಿಷಪ್ರಾಶನದ ನಿರ್ಣಯ ಶುರುವಾಗುವುದು ರೋಗಿಯ ಕಣ್ಣು, ಚರ್ಮ, ಉಸಿರಿನಿಂದ. ಹೊಟ್ಟೆಗೆ ಹೋದ ರಾಸಾಯನಿಕವನ್ನು ಹೆಸರು ಹಿಡಿದು ಹೇಳುವ ಪರೀಕ್ಷೆ ಸಾಮಾನ್ಯವಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದು. ದೊಡ್ಡ ಊರಿನಲ್ಲೂ ವರದಿ ಬರುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರಿರುತ್ತದೆ.

ಹಳ್ಳಿಯಿಂದ ರೋಗಿಯನ್ನು ಹೊತ್ತು ತಂದವರು ಹೇಳುವುದು ಒಂದೇ ಮಾತು: ‘ಔಷಧಿ ಕುಡಿದಿದ್ದಾನೆ.’ ಹತ್ತಿಗೆ ಹೊಡೆಯುವ ಕೀಟನಾಶಕವೂ ಔಷಧಿ, ಕಳೆನಾಶಕವೂ ಔಷಧಿ. ಆದರೆ ಒಂದೊಂದು ಕೊಲ್ಲುವ ದಾರಿ ಬೇರೆ, ಉಳಿಸುವ ದಾರಿಯೂ ಬೇರೆ. ಆರ್ಗನೊಫಾಸ್ಫೇಟ್ ಕೀಟನಾಶಕವಾದರೆ ದೇಹವೇ ಸಾಕ್ಷಿ ನುಡಿಯುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಅಂಗಿ ಬೆವರಿಗೆ ತೊಯ್ದಿರುತ್ತದೆ, ಎದೆ ಗೊರಗೊರ ಎನ್ನುತ್ತದೆ, ಚರ್ಮದಡಿ ಹುಳು ಹರಿದಂತೆ ಸ್ನಾಯುಗಳು ಅದುರುತ್ತವೆ. ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕೋಲಿನೆಸ್ಟರೇಸ್ ಕಿಣ್ವ ಕೆಲಸ ನಿಲ್ಲಿಸಿದ್ದರ ಫಲ ಇದು. ಇಷ್ಟು ಕಂಡ ಮೇಲೂ ಪ್ರತಿವಿಷವಾದ ಅಟ್ರೋಪಿನ್ ಕೊಡಲು ಕೋಲಿನೆಸ್ಟರೇಸ್ ವರದಿಗೆ ಕಾಯುವುದು ತಪ್ಪು. ಉಮ್ಮತ್ತಿ ಕಾಯಿ ತಿಂದವರಲ್ಲಿ ಎಲ್ಲವೂ ತಿರುವುಮುರುವು: ಅರಳಿದ ಪಾಪೆ, ಒಣಗಿದ ಬಾಯಿ, ಸುಡುವ ಮೈ, ಬಡಬಡಿಕೆ.

ದೇಹ ಸುಮ್ಮನಿರುವ ವಿಷಗಳೇ ಹೆಚ್ಚು ಮೋಸ ಮಾಡುತ್ತವೆ. ಪ್ಯಾರಕ್ವಾಟ್ ಕಳೆನಾಶಕ ಕುಡಿದವರು ಮೊದಲ ದಿನ ಎದ್ದು ಕೂತು ಮಾತಾಡಬಹುದು. ಮೂತ್ರಪಿಂಡ, ಶ್ವಾಸಕೋಶ ಕೆಡುವುದು ಆಮೇಲೆ. ಉಳಿದ ರೋಗಿಗಳಿಗೆ ಕೈಹಿಡಿಯುವ ಆಮ್ಲಜನಕ ಇವರ ಶ್ವಾಸಕೋಶವನ್ನು ಇನ್ನಷ್ಟು ಸುಡುತ್ತದೆ, ಆದ್ದರಿಂದ ಅನುಮಾನ ಬೇಗ ಹುಟ್ಟಬೇಕು. ಸೋಡಿಯಂ ಡೈಥಯೋನೈಟ್ ಬೆರೆಸಿದ ಮೂತ್ರ ನೀಲಿಯಾದರೆ ಅನುಮಾನ ಖಚಿತ. ಪ್ಯಾರಾಸಿಟಮಾಲ್ ಅತಿಯಾದಾಗಲೂ ಮೊದಲ 24 ಗಂಟೆ ಹೆಚ್ಚೇನೂ ಕಾಣದು, ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಫಲಿಸುವುದೋ ಮೊದಲ 8 ಗಂಟೆಯೊಳಗೆ. ಇಲ್ಲಿ ರಕ್ತಪರೀಕ್ಷೆಯೇ ದಾರಿ. ಅದೂ ನುಂಗಿ 4 ಗಂಟೆ ಕಳೆದ ಮೇಲೆ ತೆಗೆದ ರಕ್ತಕ್ಕೆ ಮಾತ್ರ ಅರ್ಥ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದ ಕಳ್ಳಭಟ್ಟಿಯ ಮೆಥನಾಲ್ ಕೂಡ ಇದೇ ಜಾತಿಯದು: ಅಮಲು ಇಳಿದು ಎಷ್ಟೋ ಗಂಟೆಗಳ ಮೇಲೆ ದೃಷ್ಟಿ ಮಂಜಾಗಿ, ರಕ್ತ ಆಮ್ಲೀಯವಾಗುತ್ತದೆ.

ಹೀಗಾಗಿ ಬದುವಿನ ಮೇಲೆ ಬಿದ್ದ ಬಾಟಲಿ ಎಷ್ಟೋ ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ಅದರ ಲೇಬಲ್ಲಿನಲ್ಲಿ ರಾಸಾಯನಿಕದ ಹೆಸರೂ ಪ್ರತಿವಿಷದ ಸೂಚನೆಯೂ ಇರುತ್ತವೆ. ಪೊಲೀಸ್ ಕೇಸಿಗೆ ಹೆದರಿ ಮನೆಯವರು ಅದನ್ನು ಬಚ್ಚಿಡುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷೆಯಿಂದ ಹೊರಗಿಟ್ಟಿದೆ. ಬಾಟಲಿಯನ್ನೋ ಮಾತ್ರೆಯ ಖಾಲಿ ಪಟ್ಟಿಯನ್ನೋ ರೋಗಿಯ ಜೊತೆಗೇ ತನ್ನಿ. ಎಷ್ಟು ಹೊತ್ತಿಗೆ ಕುಡಿದದ್ದು ಎಂಬುದನ್ನು ಮುಚ್ಚಿಡದೆ ಹೇಳಿ.