ಪಾಳುಮನೆಗಳ ನೆಲದಲ್ಲಿ ಹವ್ಯಾಸಿಗಳಿಗೆ ಮೆಟಲ್ ಡಿಟೆಕ್ಟರ್ ಬೇಕೇ?

ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ ಕಾಡು ಹೊಕ್ಕರೆ ಮರಗಳ ನಡುವೆ ಉದ್ದುದ್ದ ಕಲ್ಲುಗೋಡೆಗಳು ಸಿಗುತ್ತವೆ. ಒಂದು ಕಾಲಕ್ಕೆ ಅವು ಹೊಲ, ಹುಲ್ಲುಗಾವಲುಗಳ ಬೇಲಿ. ಹತ್ತಿರದಲ್ಲೇ ಕಲ್ಲು ಕಟ್ಟಿದ ಚೌಕ ಗುಂಡಿ ಕಂಡರೆ ಅದು ಬಿದ್ದುಹೋದ ಮನೆಯ ನೆಲಮಾಳಿಗೆ. ಯಾರೂ ನೀರು ಹಾಕದಿದ್ದರೂ ಅಂಗಳದ ಲೈಲಾಕ್ ಪೊದೆ ಇಂದಿಗೂ ಹೂ ಬಿಡುತ್ತದೆ. 1825ರಲ್ಲಿ ಈರಿ ಕಾಲುವೆ ತೆರೆದು ಪಶ್ಚಿಮದ ಹೊಸ ಜಮೀನುಗಳಿಗೆ ದಾರಿಯಾಯಿತು. ಮುಂದೆ ಉಣ್ಣೆಯ ಬೆಲೆಯೂ ಕುಸಿಯಿತು. ಎಷ್ಟೋ ರೈತ ಕುಟುಂಬಗಳು ಈ ಕಲ್ಲುನೆಲ ಬಿಟ್ಟು ಹೊರಟವು. ಈಗ ಅಲ್ಲಿಗೆ ಮೆಟಲ್ ಡಿಟೆಕ್ಟರ್ ಹಿಡಿದು ಹವ್ಯಾಸಿಗಳು ಬರುತ್ತಾರೆ. ಅವರನ್ನು ಬಿಡಬೇಕೇ, ತಡೆಯಬೇಕೇ?

ಪರ

ರೈತನ ಮನೆಯನ್ನು ಅಗೆಯಲು ಯಾವ ವಿಶ್ವವಿದ್ಯಾಲಯ ಹಣ ಕೊಡುತ್ತದೆ? ಇಂಥ ಸಾವಿರಾರು ಗುಂಡಿಗಳ ಹತ್ತಿರ ಯಾವ ಸಂಶೋಧಕರೂ ಸುಳಿಯುವುದಿಲ್ಲ. ಅಷ್ಟರಲ್ಲಿ ಮಣ್ಣಿನೊಳಗೆ ಕಬ್ಬಿಣವನ್ನು ತುಕ್ಕು ತಿನ್ನುತ್ತದೆ, ಮೇಲೆ ಬಡಾವಣೆ ಏಳುತ್ತದೆ. ಜಮೀನಿನ ಒಡೆಯರ ಒಪ್ಪಿಗೆ ಪಡೆದು ಹುಡುಕುವವರು ಹಳೆಯ ನಕ್ಷೆ ಓದುತ್ತಾರೆ, ಊರಿನ ದಾಖಲೆ ಕೆದಕುತ್ತಾರೆ. ಮರೆತುಹೋದ ಮನೆಯೊಂದು ಮತ್ತೆ ಗುರುತಿಗೆ ಬರುವುದು ಹಲವು ಸಲ ಇವರಿಂದಲೇ.

ಈ ಉಪಕರಣವನ್ನು ಪುರಾತತ್ತ್ವಜ್ಞರೂ ನೆಚ್ಚಿದ್ದಾರೆ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರ ಕದನ ನಡೆದ ಬಯಲಿನ ಹುಲ್ಲು 1983ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ಮರುವರ್ಷ ಪುರಾತತ್ತ್ವಜ್ಞರಾದ ಡಗ್ಲಾಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅಲ್ಲಿಗೆ ಡಿಟೆಕ್ಟರ್ ಬಲ್ಲ ಸ್ವಯಂಸೇವಕರನ್ನು ಕರೆತಂದರು. ಸದ್ದು ಬಂದಲ್ಲೆಲ್ಲ ಬಾವುಟ ನೆಟ್ಟು, ಪ್ರತಿ ತೋಟಾ ಬಿದ್ದ ಜಾಗವನ್ನು ನಕ್ಷೆಗೆ ಏರಿಸಿದರು. ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದು ಆಗ ತಿಳಿಯಿತು.

ವರ್ಜೀನಿಯಾದ ಮಾಂಟ್‌ಪೀಲಿಯರ್‌ನ ಕಥೆ ಇನ್ನೂ ಮನಸ್ಸಿಗೆ ತಟ್ಟುವಂಥದ್ದು. ಅದು ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್‌ರ ತೋಟ. ಅಲ್ಲಿ ಗುಲಾಮರಾಗಿ ದುಡಿದವರ ಮರದ ದಿಮ್ಮಿಯ ಗುಡಿಸಲುಗಳಿಗೆ ಕಲ್ಲಿನ ಅಡಿಪಾಯ ಇರಲಿಲ್ಲ. ಉಳಿದದ್ದು ಮಣ್ಣಿನಲ್ಲಿ ಚದುರಿದ ಮೊಳೆಗಳು. ಪುರಾತತ್ತ್ವಜ್ಞ ಮ್ಯಾಥ್ಯೂ ರೀವ್ಸ್ ಅವರ ತಂಡ ಹವ್ಯಾಸಿಗಳನ್ನು ಜೊತೆಗಿಟ್ಟುಕೊಂಡು, ನೆಲವನ್ನು ಚೌಕಚೌಕವಾಗಿ ಗುರುತಿಸಿ, ಆ ಮೊಳೆಗಳಿಂದಲೇ ವಾಸದ ನೆಲೆಗಳನ್ನು ಹುಡುಕಿತು.

ವಿರೋಧ

ಆದರೆ ಕಾಡಿನಲ್ಲಿ ಒಬ್ಬೊಬ್ಬರೇ ಹುಡುಕುವಾಗ ಹೀಗೆ ನಡೆಯುವುದು ಅಪರೂಪ. ಹವ್ಯಾಸಿಗೆ ಬೇಕಾದದ್ದು 1793ರಿಂದ 1857ರವರೆಗೆ ಟಂಕಿಸಿದ ದೊಡ್ಡ ತಾಮ್ರದ ಸೆಂಟ್, ಕೋಟಿನ ಗುಂಡಿ, ಬೆಳ್ಳಿಯ ಚಮಚ. ಕಬ್ಬಿಣದ ಸದ್ದು ಕೇಳಿಸದಂತೆ ಯಂತ್ರವನ್ನು ಹೊಂದಿಸಿಕೊಳ್ಳುವವರೇ ಹೆಚ್ಚು. ಅಗೆದಾಗ ಮೊಳೆ ಬಂದರೆ ಪಕ್ಕಕ್ಕೆ ಎಸೆಯುತ್ತಾರೆ. ಆದರೆ ಮನೆಯ ವಯಸ್ಸು ಹೇಳುವುದು ಆ ಮೊಳೆಯೇ. ಕಮ್ಮಾರ ಬಡಿದ ಮೊಳೆ ಸಾಮಾನ್ಯವಾಗಿ ಹದಿನೆಂಟನೇ ಶತಮಾನದ್ದು, ಯಂತ್ರ ಕತ್ತರಿಸಿದ್ದು ಹತ್ತೊಂಬತ್ತನೆಯದು, ತಂತಿಯ ಮೊಳೆ ಅದರ ಕೊನೆಯ ಭಾಗದ್ದು. ಯಾವ ಮೊಳೆ ಯಾವ ಮೂಲೆಯಲ್ಲಿತ್ತು ಎಂಬುದು ಗೊತ್ತಿದ್ದರೆ ಮನೆ ಯಾವಾಗ ಕಟ್ಟಿದ್ದು, ಕೋಣೆ ಯಾವಾಗ ಸೇರಿಸಿದ್ದು ಎಂದು ಹೇಳಬಹುದು. ಒಮ್ಮೆ ಕಿತ್ತ ಮೇಲೆ ಅದು ಬರೀ ತುಕ್ಕು.

ಹೊಲದ ಮಣ್ಣನ್ನು ನೇಗಿಲು ಹೇಗೂ ಕದಡಿದೆ, ಅಗೆದರೆ ನಷ್ಟವೇನು ಎಂಬ ವಾದವುಂಟು. ಮನೆಯ ಅಂಗಳಕ್ಕೆ ಅದು ಹೊಂದುವುದಿಲ್ಲ. ಅಲ್ಲಿ ನೇಗಿಲು ಆಡಿರುವುದು ಕಡಿಮೆ; ಬಿದ್ದ ವಸ್ತು ಬಿದ್ದಲ್ಲೇ ಇರುತ್ತದೆ.

ಕಾನೂನೂ ಇದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಡಿಟೆಕ್ಟರ್ ಇಟ್ಟುಕೊಳ್ಳುವುದೇ ಅಪರಾಧ. 1979ರ ಕಾಯ್ದೆಯ ಪ್ರಕಾರ ಒಕ್ಕೂಟ ಸರ್ಕಾರದ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತತ್ತ್ವ ವಸ್ತುವನ್ನು ಪರವಾನಗಿಯಿಲ್ಲದೆ ಅಗೆಯುವಂತಿಲ್ಲ. ಖಾಸಗಿ ಜಮೀನಿನಲ್ಲಿ ಮಾತ್ರ ಒಡೆಯರ ಒಪ್ಪಿಗೆಯಿದ್ದರೆ ಬಹುಮಟ್ಟಿಗೆ ಕೇಳುವವರಿಲ್ಲ, ದಾಖಲಿಸುವವರೂ ಇಲ್ಲ. ಇಂಗ್ಲೆಂಡಿನಲ್ಲಿ 1997ರಿಂದ ಹವ್ಯಾಸಿಗಳು ಸಿಕ್ಕಿದ್ದನ್ನು ದಾಖಲಿಸುವ ಸಾರ್ವಜನಿಕ ಯೋಜನೆಯಿದೆ. ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಆ ಯೋಜನೆಗೂ ಮೊದಲೇ, 1992ರಲ್ಲಿ, ಅಲ್ಲಿನ ಹಾಕ್ಸನ್ ಹಳ್ಳಿಯಲ್ಲಿ ಕಳೆದುಹೋದ ಸುತ್ತಿಗೆ ಹುಡುಕಲು ಹೋಗಿ ರೋಮನ್ ಚಿನ್ನ ಕಂಡ ಎರಿಕ್ ಲಾಸ್, ಪೂರ್ತಿ ಅಗೆಯದೆ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ತಜ್ಞರು ಉಳಿದದ್ದನ್ನು ಪದರಪದರವಾಗಿ ತೆಗೆದಿದ್ದರಿಂದ ಅದನ್ನು ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿದ್ದರು ಎಂಬುದೂ ತಿಳಿಯಿತು.

ಎರಡೂ ಕಡೆ ತೂಗಿದರೆ ವಿರೋಧದ ವಾದವೇ ಗಟ್ಟಿ. ತಪ್ಪು ಯಂತ್ರದ್ದಲ್ಲ, ಜಾಗ ಗುರುತಿಸದೆ ಅಗೆಯುವ ಕೈಯದು. ತಜ್ಞರೊಂದಿಗೆ ಹವ್ಯಾಸಿಗಳು ಸೇರಿದಲ್ಲಿ ಫಲ ಬಂದಿದೆ. ಅಂಥ ಜೊತೆ ಸಿಗುವವರೆಗೆ ಪಾಳುಮನೆಯ ನೆಲ ಮುಟ್ಟದಿರುವುದೇ ಸರಿ. ನಮ್ಮಲ್ಲಿ ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳಲ್ಲಿ ಹುಡುಕುವ ಆಸೆಯಿರುವವರು ಒಂದನ್ನು ತಿಳಿದಿರಲಿ: 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಲೇಬೇಕು.